ತಕ್ಕಡಿ ಹೇಳದ ಮಾತು

ಸಾವನದುರ್ಗ ಅನ್ನೋದು ಒಂದೇ ಹೆಸರು. ಹತ್ತಿರ ಹೋದರೆ ಕರಿಗುಡ್ಡ, ಬಿಳಿಗುಡ್ಡ ಅಂತ ಎರಡು. ಮಗುವಿನ ತೂಕವೂ ಹಾಗೇ. ತಕ್ಕಡಿ ತೋರಿಸುವ ಅಂಕಿ ಒಂದೇ. ಅದರಲ್ಲಿ ಕೊಬ್ಬಿನ ಪಾಲು ಬೇರೆ. ಮಾಂಸಖಂಡ, ಮೂಳೆ, ನೀರಿನ ಪಾಲು ಬೇರೆ. ಗುಡ್ಡದ ಬುಡದ ಅಂಗನವಾಡಿಯಲ್ಲಿ ಮಗುವನ್ನು ತೂಗುವಾಗ ಈ ಪಾಲು ಕಾಣುವುದಿಲ್ಲ.

ಅಂಗನವಾಡಿಗೆ ತಕ್ಕಡಿ ಬಂದದ್ದಕ್ಕೆ ಕಾರಣವಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಐಸಿಡಿಎಸ್ ಯೋಜನೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಆಗಿನ ಚಿಂತೆ ಹಸಿವು. ವಯಸ್ಸಿಗೆ ತಕ್ಕ ತೂಕ ಇದೆಯೇ ಎಂದು ತಿಳಿಯಲು ತಕ್ಕಡಿ ಮತ್ತು ಒಂದು ನಕ್ಷೆ ಸಾಕಿತ್ತು. ಅದೇ ದಶಕದಲ್ಲಿ ಬಾಗ್ದಾದಿನ ವೈದ್ಯ ಶಾಕಿರ್ ಬಣ್ಣದ ತೋಳುಪಟ್ಟಿ ಬಳಕೆಗೆ ತಂದರು. ಇಂದಿನ ಲೆಕ್ಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಪಟ್ಟಿ ಕೆಂಪು ತೋರಿಸುತ್ತದೆ. ಪ್ರಾಣ ಉಳಿಸಲು ಇದಕ್ಕಿಂತ ಸುಲಭದ ಅಳತೆ ಇಲ್ಲ.

ಆದರೆ ನರಸೀಪುರದ ಪಕ್ಕದ ಮೈಸೂರಿನಲ್ಲಿ ಬೇರೊಂದು ಪ್ರಶ್ನೆ ಎದ್ದಿತು. ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ದಶಕಗಳ ನಂತರ ಸಂಶೋಧಕರು ಅದೇ ಮಕ್ಕಳನ್ನು ಹುಡುಕಿದಾಗ, ಸಣ್ಣದಾಗಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚು ಕಂಡಿತು. ಹಾಗಾದರೆ ಸಣ್ಣ ಮಗುವಿನ ಮೈಯಲ್ಲಿ ಏನಿದೆ?

1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರ ಮಕ್ಕಳಿಗೆ ಚಿಮುಟದಂಥ ಕ್ಯಾಲಿಪರ್ ಹಿಡಿದು, ಚರ್ಮದ ಮಡಿಕೆಯ ದಪ್ಪ ಅಳೆದರು. ಇಂಗ್ಲೆಂಡಿನ ಕೂಸುಗಳಿಗಿಂತ ನಮ್ಮ ಕೂಸುಗಳು ಎಲ್ಲದರಲ್ಲೂ ಸಣ್ಣವು. ಹೆಚ್ಚು ಕೊರತೆ ಮಾಂಸಖಂಡದಲ್ಲಿ. ಕೊಬ್ಬಿನಲ್ಲಿ ಕೊರತೆ ಕಡಿಮೆ. ನಾಲ್ಕು ವರ್ಷಕ್ಕೆ ಬೆನ್ನಿನ ಮೇಲಿನ ಕೊಬ್ಬು ಅಲ್ಲಿನ ಮಕ್ಕಳನ್ನೂ ಮೀರಿತ್ತು. ತಕ್ಕಡಿ ಇದನ್ನು ಎಂದೂ ಹೇಳುತ್ತಿರಲಿಲ್ಲ.

ಹಾಗಂತ ಕ್ಯಾಲಿಪರ್ ಎಲ್ಲ ಕಡೆ ಆಗದು. ಇಬ್ಬರು ಹಿಡಿದರೆ ಎರಡು ಅಂಕಿ ಬರಬಹುದು, ಕೈ ಪಳಗಿರಬೇಕು. ಮೈಯಲ್ಲಿ ಸಣ್ಣ ಕರೆಂಟು ಹರಿಸುವ ಯಂತ್ರ ನೀರಿನ ಅಂಶದಿಂದ ಲೆಕ್ಕ ಹಾಕುತ್ತದೆ. ಬೇರೆ ದೇಶದ ಮಕ್ಕಳ ಸೂತ್ರ ಹಾಕಿದರೆ ತಪ್ಪಬಹುದು. ಡೆಕ್ಸಾ ಸ್ಕ್ಯಾನ್ ಹೆಚ್ಚು ನಿಖರ, ಆದರೆ ಅದು ನಗರದ ಯಂತ್ರ.

ಅಳತೆ ಯಾವುದೆಂದು ತೀರ್ಮಾನಿಸುವುದು ಪ್ರಶ್ನೆ. ಮಗು ಅಪಾಯದಲ್ಲಿದೆಯೇ ಎಂದು ತಿಳಿಯಲು ತೋಳುಪಟ್ಟಿ, ತಕ್ಕಡಿ. ಬೆಳವಣಿಗೆ ಸರಿಯಿದೆಯೇ ಎನ್ನಲು ಜೊತೆಗೆ ಎತ್ತರ. ಕೊಬ್ಬೆಷ್ಟು ಎನ್ನುವುದಕ್ಕೆ ಕ್ಯಾಲಿಪರ್, ಸ್ಕ್ಯಾನ್.

ನಮಗೆ ಉಳಿಯುವ ಪಾಠ ಇಷ್ಟು: ಮಗು ಸಣಕಲು ಅಂತ ಬಿಸ್ಕತ್ತು, ಸಕ್ಕರೆ ತುಂಬಿ ಅಂಕಿ ಏರಿಸಿದರೆ ಗೆದ್ದಂತಲ್ಲ. ರಾಗಿ, ಕಾಳು, ಮೊಟ್ಟೆ, ಹಾಲು ತಿಂದು, ಓಡಿ ಆಡಿ ಬೆಳೆಯಲಿ. ಮುಂದಿನ ಸಲ ಅಂಗನವಾಡಿಯಲ್ಲಿ ತೂಕದ ಜೊತೆ ಎತ್ತರವನ್ನೂ ಕೇಳಿ ಬರೆಸಿಕೊಳ್ಳಿ.