ಸಂಬಳವಿಲ್ಲದ ಸೈನ್ಯಕ್ಕೆ ಸಿಕ್ಕ ರೋಮ್

ಸೂರೆಹೋದ ನಗರಗಳಿಗೆ ಇತಿಹಾಸದಲ್ಲಿ ಬರವಿಲ್ಲ. ಆದರೆ ಕ್ಯಾಥೊಲಿಕ್ ಧರ್ಮದ ರಕ್ಷಕನೆನಿಸಿಕೊಂಡ ಸಾಮ್ರಾಟನ ಸೈನ್ಯವೇ ಆ ಧರ್ಮದ ರಾಜಧಾನಿಯನ್ನು ಲೂಟಿ ಮಾಡಿದ ನಿದರ್ಶನ ಅಪರೂಪ. 1527ರ ಮೇ 6ರಂದು ರೋಮಿನಲ್ಲಿ ನಡೆದದ್ದು ಅದೇ. ವಿಚಿತ್ರವೆಂದರೆ, ನಗರವನ್ನು ಕೊಳ್ಳೆಹೊಡೆಯಿರೆಂದು ಸಾಮ್ರಾಟ ಆಜ್ಞೆ ಕೊಟ್ಟಿರಲಿಲ್ಲ. ಅವನಿದ್ದದ್ದು ದೂರದ ಸ್ಪೇನಿನಲ್ಲಿ.

ಆಗ ಇಟಲಿಯೆಂದರೆ ಫ್ರಾನ್ಸ್ ಮತ್ತು ಹ್ಯಾಬ್ಸ್‌ಬರ್ಗ್ ಮನೆತನಗಳ ರಣರಂಗ. 1525ರಲ್ಲಿ ಪಾವಿಯಾ ಕದನದಲ್ಲಿ ಫ್ರಾನ್ಸಿನ ದೊರೆ ಮೊದಲನೇ ಫ್ರಾನ್ಸಿಸ್ ಸೆರೆಸಿಕ್ಕ ಮೇಲೆ ಐದನೇ ಚಾರ್ಲ್ಸ್ ಸಾಮ್ರಾಟನನ್ನು ತಡೆಯುವವರೇ ಇಲ್ಲವೆನಿಸಿತು. ಇದರಿಂದ ಕಂಗೆಟ್ಟ ಪೋಪ್ ಏಳನೇ ಕ್ಲೆಮೆಂಟ್, 1526ರಲ್ಲಿ ಫ್ರಾನ್ಸ್, ವೆನಿಸ್ ಮೊದಲಾದವುಗಳೊಡನೆ ಕೂಟ ಕಟ್ಟಿದ. ಮೆಡಿಚಿ ಮನೆತನದ ಈ ಪೋಪ್ ಕಲಾಪ್ರೇಮಿ, ಬುದ್ಧಿವಂತ. ಆದರೆ ಒಂದು ನಿರ್ಧಾರಕ್ಕೆ ಅಂಟಿಕೊಂಡು ನಿಲ್ಲುವ ಸ್ವಭಾವ ಅವನದಲ್ಲ.

ಸಾಮ್ರಾಟನ ತೊಂದರೆ ಬೇರೆಯದು. ರಾಜ್ಯ ವಿಶಾಲ, ಖಜಾನೆ ಖಾಲಿ. ಜರ್ಮನಿಯಿಂದ ಸುಮಾರು 12,000 ಬಾಡಿಗೆ ಸೈನಿಕರನ್ನು ಕರೆತರಲು ಗೇಯೋರ್ಗ್ ಫಾನ್ ಫ್ರುಂಡ್ಸ್‌ಬೆರ್ಗ್ ಎಂಬ ವೃದ್ಧ ಸೇನಾನಿ ತನ್ನ ಸ್ವಂತ ಆಸ್ತಿಯನ್ನೇ ಒತ್ತೆಯಿಡಬೇಕಾಯಿತು. ಈ ಲಾಂಡ್ಸ್‌ಕ್ನೆಖ್ಟ್ ಸೈನಿಕರಲ್ಲಿ ಅನೇಕರು ಲೂಥರನ ಅನುಯಾಯಿಗಳು. ಚಳಿಗಾಲದಲ್ಲಿ ಆಲ್ಪ್ಸ್ ದಾಟಿ ಬಂದವರು ತಿಂಗಳುಗಟ್ಟಲೆ ಸಂಬಳ ಕಾಣಲಿಲ್ಲ. 1527ರ ಮಾರ್ಚ್‌ನಲ್ಲಿ ಬೊಲೊನ್ಯಾ ಹತ್ತಿರ ದಂಗೆಯೆದ್ದರು. ‘ನನ್ನ ಮಕ್ಕಳೇ’ ಎಂಬ ಸಲುಗೆಯಿಂದ ಅವರನ್ನು ನಡೆಸಿಕೊಂಡಿದ್ದ ಫ್ರುಂಡ್ಸ್‌ಬೆರ್ಗ್, ಸಮಾಧಾನಪಡಿಸಲು ಹೋಗಿ ಲಕ್ವ ಹೊಡೆದು ಕುಸಿದುಬಿದ್ದ. ಫ್ರಾನ್ಸ್ ತೊರೆದು ಸಾಮ್ರಾಟನ ಪಕ್ಷ ಸೇರಿದ್ದ ಬೂರ್ಬೋನಿನ ಡ್ಯೂಕ್ ಹೆಸರಿಗೆ ದಂಡನಾಯಕ. ವಾಸ್ತವವಾಗಿ ಸೈನ್ಯ ನುಗ್ಗಿದ ಕಡೆ ಅವನೂ ನಡೆಯಬೇಕಿತ್ತು.

ಇದೇ ಸಮಯಕ್ಕೆ ಪೋಪ್ ಮಾಡಿದ ಕೆಲಸ ನೋಡಿ. ಸಾಮ್ರಾಟನ ಪ್ರತಿನಿಧಿಯೊಡನೆ ಕದನವಿರಾಮಕ್ಕೆ ಒಪ್ಪಿ, 60,000 ಡುಕಾಟ್ ಕೊಡುತ್ತೇನೆಂದು ಹೇಳಿ, ಖರ್ಚು ಉಳಿಸಲು ತನ್ನ ಪಡೆಗಳ ಬಹುಭಾಗವನ್ನು ಮನೆಗೆ ಕಳಿಸಿದ! ಹಸಿದ ಸೈನ್ಯಕ್ಕೆ ಆ ಹಣ ಯಾವ ಮೂಲೆಗೂ ಸಾಲದು. ಒಪ್ಪಂದವನ್ನು ತಳ್ಳಿಹಾಕಿ ಅದು ದಕ್ಷಿಣಕ್ಕೆ ಹೊರಟಿತು.

ಮೇ 5ರಂದು ರೋಮಿನ ಗೋಡೆಗಳೆದುರು ನಿಂತಾಗ ಅವರ ಬಳಿ ದೊಡ್ಡ ಫಿರಂಗಿಗಳಿರಲಿಲ್ಲ, ದವಸವೂ ಮುಗಿದಿತ್ತು. ಮುತ್ತಿಗೆ ಹಾಕಿ ಕಾಯುವ ಶಕ್ತಿಯಿಲ್ಲದ್ದರಿಂದಲೇ ಮರುದಿನ ಬೆಳಗಿನ ಜಾವ ಏಣಿ ಹಾಕಿ ಹತ್ತಿದರು. ಟೈಬರ್ ನದಿಯ ದಟ್ಟ ಮಂಜಿನಲ್ಲಿ ಕೋಟೆಯ ಗುಂಡುಗಳು ಗುರಿ ತಪ್ಪಿದವು. ಏಣಿಯ ಬಳಿ ಬೂರ್ಬೋನ್ ಗುಂಡೇಟಿಗೆ ಬಲಿಯಾದ. ಹೊಡೆದವನು ತಾನೇ ಎಂಬಂತೆ ಅಕ್ಕಸಾಲಿಗ ಬೆನ್ವೆನೂಟೊ ಚೆಲ್ಲಿನಿ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಜಂಬದಲ್ಲಿ ಅವನಿಗೆ ಸಾಟಿಯಿಲ್ಲವಾದ್ದರಿಂದ ಪೂರ್ತಿ ನಂಬುವುದು ಕಷ್ಟ. ಅದೇನೇ ಇರಲಿ, ಸೈನ್ಯವನ್ನು ಹಿಡಿದು ನಿಲ್ಲಿಸಬಹುದಾಗಿದ್ದ ಕೊನೆಯ ವ್ಯಕ್ತಿಯೂ ಹೋದಂತಾಯಿತು.

ಪೋಪನ 189 ಸ್ವಿಸ್ ಕಾವಲುಗಾರರಲ್ಲಿ 147 ಮಂದಿ ಸಂತ ಪೀಟರರ ಚರ್ಚಿನ ಆಸುಪಾಸಿನಲ್ಲಿ ಹೋರಾಡಿ ಮಡಿದರು. ಉಳಿದ 42 ಮಂದಿಯ ರಕ್ಷಣೆಯಲ್ಲಿ ಪೋಪ್ ಗೋಡೆಯ ಮೇಲಿನ ಓಣಿಯಂಥ ದಾರಿಯಲ್ಲಿ ಸಾಂಟ್ ಏಂಜೆಲೊ ಕೋಟೆಗೆ ಓಡಿದ. ಬಿಳಿ ನಿಲುವಂಗಿ ಶತ್ರುಗಳ ಕಣ್ಣಿಗೆ ಬೀಳದಿರಲೆಂದು ಇತಿಹಾಸಕಾರ ಪಾವೊಲೊ ಜೋವಿಯೊ ತನ್ನ ನೇರಳೆ ಮೇಲಂಗಿಯನ್ನು ಅವನ ಮೇಲೆ ಹೊದಿಸಿದನಂತೆ.

ಅನಂತರ ನಡೆದದ್ದು ಮಾನವಬೇಟೆ. ಸಾಂಟೊ ಸ್ಪಿರಿಟೊ ಆಸ್ಪತ್ರೆಯ ರೋಗಿಗಳನ್ನೂ ಬಿಡಲಿಲ್ಲ. ಸಂನ್ಯಾಸಿನಿಯರ ಮಠಗಳಿಗೆ ನುಗ್ಗಿದರು, ಸಂತರ ಅವಶೇಷಗಳನ್ನು ಬೀದಿಗೆ ಚೆಲ್ಲಿದರು. ವ್ಯಾಟಿಕನ್ನಿನಲ್ಲಿ ರಾಫೇಲನ ಭಿತ್ತಿಚಿತ್ರವೊಂದರ ಮೇಲೆ ಯಾರೋ ಸೈನಿಕ ಲೂಥರನ ಹೆಸರನ್ನು ಗೀಚಿದ. ಆದರೆ ಎಲ್ಲ ತಪ್ಪನ್ನೂ ಲೂಥರನ ಅನುಯಾಯಿಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಕ್ಯಾಥೊಲಿಕರೇ ಆದ ಸ್ಪೇನಿನ ಸೈನಿಕರು ಹಣಕ್ಕಾಗಿ ಚಿತ್ರಹಿಂಸೆ ಕೊಡುವುದರಲ್ಲಿ ಜರ್ಮನ್ನರನ್ನೂ ಮೀರಿಸಿದರೆಂದು ಸಮಕಾಲೀನರು ದೂರಿದ್ದಾರೆ. ಸಾಮ್ರಾಟನ ಪಕ್ಷದ ಕಾರ್ಡಿನಲ್‌ಗಳು ತಮಗೇನೂ ಆಗದೆಂದು ಮನೆಯಲ್ಲೇ ಕುಳಿತಿದ್ದರು. ಅವರೂ ಒತ್ತೆಹಣ ತೆರಬೇಕಾಯಿತು. ಒಂದು ತಂಡಕ್ಕೆ ಕೊಟ್ಟರೆ ಇನ್ನೊಂದು ತಂಡ ಬಾಗಿಲಲ್ಲಿ ನಿಂತಿರುತ್ತಿತ್ತು. ವ್ಯಾಟಿಕನ್ ಗ್ರಂಥಾಲಯ ಬಹುಮಟ್ಟಿಗೆ ಉಳಿದದ್ದು, ಬೂರ್ಬೋನಿನ ನಂತರ ನಾಯಕತ್ವ ವಹಿಸಿದ ಆರೆಂಜಿನ ರಾಜಕುಮಾರ ಫಿಲಿಬೆರ್ ಅರಮನೆಯಲ್ಲೇ ಬೀಡುಬಿಟ್ಟಿದ್ದರಿಂದ.

ಜೂನ್ 5ರಂದು ಪೋಪ್ ಶರಣಾಗಿ 4,00,000 ಡುಕಾಟ್ ಕೊಡಲು ಒಪ್ಪಿದ. ಕೂಡಲೇ ಎಲ್ಲಿಂದ ತರುವುದು? ಬೇಸಿಗೆಯಲ್ಲಿ ಪ್ಲೇಗ್ ಬಂತು. ಲೂಟಿಕೋರರೂ ಸಾಲುಸಾಲಾಗಿ ಸತ್ತರು. ಡಿಸೆಂಬರಿನಲ್ಲಿ ಪೋಪ್ ವೇಷ ಮರೆಸಿಕೊಂಡು ಓರ್ವಿಯೆಟೊಗೆ ಪಾರಾದ. ಹೆಂಡತಿ ಕ್ಯಾಥರೀನಳಿಂದ ಬಿಡುಗಡೆ ಕೋರಿ ಇಂಗ್ಲೆಂಡಿನ ಎಂಟನೇ ಹೆನ್ರಿಯ ದೂತರು ಬಂದದ್ದು ಅಲ್ಲಿಗೇ. ಕ್ಯಾಥರೀನ್ ಸಾಮ್ರಾಟನ ಚಿಕ್ಕಮ್ಮ. ಪೋಪ್ ಹೂಂ ಎನ್ನಲೂ ಆರ, ಊಹೂಂ ಎನ್ನಲೂ ಆರ.

ಸೈನ್ಯ ರೋಮ್ ಬಿಟ್ಟು ಹೊರಟದ್ದು 1528ರ ಫೆಬ್ರವರಿಯಲ್ಲಿ. 1530ರ ಫೆಬ್ರವರಿ 24ರಂದು ಬೊಲೊನ್ಯಾದಲ್ಲಿ ಅದೇ ಕ್ಲೆಮೆಂಟ್ ಅದೇ ಚಾರ್ಲ್ಸನ ತಲೆಗೆ ಚಕ್ರವರ್ತಿಯ ಕಿರೀಟ ತೊಡಿಸಿದ. ಆ ಹೊತ್ತಿಗೆ ಫಿಲಿಬೆರ್‌ನ ನಾಯಕತ್ವದಲ್ಲಿ ಸಾಮ್ರಾಟನ ಸೈನ್ಯ ಫ್ಲಾರೆನ್ಸ್ ನಗರವನ್ನು ಮುತ್ತಿ ಕುಳಿತಿತ್ತು. ಈ ಬಾರಿ ಪೋಪನ ಪರವಾಗಿ, ಮೆಡಿಚಿಗಳನ್ನು ಓಡಿಸಿದ್ದ ಊರನ್ನು ಅವರಿಗೆ ಮರಳಿ ಕೊಡಿಸಲು.