ಎಸೆಕ್ಸ್-ಲೊಪ್ರೆಸ್ಟಿ ಗಾಯ

ಮೊಣಕೈ ಬಳಿ ರೇಡಿಯಸ್ ಮೂಳೆಯ ತಲೆ ಮುರಿದು, ರೇಡಿಯಸ್ಸನ್ನು ಪಕ್ಕದ ಅಲ್ನಾ ಮೂಳೆಗೆ ಬಿಗಿದಿಡುವ ನಡುಪೊರೆ ಹರಿದು, ಮಣಿಕಟ್ಟಿನ ಕೀಲೂ ಸಡಿಲಗೊಳ್ಳುವ ಮುಂದೋಳಿನ ಗಾಯ. ಪೀಟರ್ ಎಸೆಕ್ಸ್-ಲೊಪ್ರೆಸ್ಟಿಯವರ 1951ರ ಲೇಖನದಿಂದ ಈ ಹೆಸರು ಬಂದಿದೆ. ನೋವು ಮೊಣಕೈಯಲ್ಲೇ ಹೆಚ್ಚಿದ್ದರೆ ಮಣಿಕಟ್ಟಿನತ್ತ ಗಮನ ಹೋಗುವುದಿಲ್ಲ. ಮಣಿಕಟ್ಟಿನ ಮೊದಲ ಎಕ್ಸ್-ರೇ ಕೂಡ ಸಹಜವಾಗಿ ಕಾಣಬಹುದು. ಆದ್ದರಿಂದ ರೇಡಿಯಸ್ ತಲೆ ಮುರಿದ ಪ್ರತಿಯೊಬ್ಬರ ಮಣಿಕಟ್ಟನ್ನೂ ಒತ್ತಿ ನೋಡಲೇಬೇಕು. ನೋವಿದ್ದರೆ ಎರಡೂ ಕೈಗಳ ಎಕ್ಸ್-ರೇ ಹೋಲಿಸಿ, ಪೊರೆಯನ್ನು ಎಂಆರ್‌ಐ ಇಲ್ಲವೇ ಅಲ್ಟ್ರಾಸೌಂಡ್‌ನಲ್ಲಿ ಪರಿಶೀಲಿಸಬೇಕು. ಚೂರಾದ ರೇಡಿಯಸ್ ತಲೆಯನ್ನು ತೆಗೆದುಹಾಕಿದರೆ ಸಾಕು, ಹಾಗೆ ಮಾಡಿಸಿಕೊಂಡ ಎಷ್ಟೋ ಜನ ವರ್ಷಗಟ್ಟಲೆ ಚೆನ್ನಾಗಿಯೇ ಇದ್ದಾರೆ ಎಂಬ ವಾದವಿದೆ. ನಿಜ, ಆದರೆ ಆ ಫಲ ಪೊರೆ ಗಟ್ಟಿಯಾಗಿ ಉಳಿದ ಕೈಗಳದ್ದು. ಪೊರೆ ಹರಿದಿರುವಾಗ ತಲೆ ತೆಗೆದರೆ ರೇಡಿಯಸ್ ಮೊಣಕೈಯತ್ತ ಸರಿದು, ಅಲ್ನಾದ ತುದಿ ಮಣಿಕಟ್ಟಿನ ಮೂಳೆಗಳನ್ನು ಒತ್ತತೊಡಗುತ್ತದೆ. ತಡವಾದ ಮೇಲೆ ಇದನ್ನು ಸರಿಪಡಿಸುವುದು ಬಹಳ ಕಷ್ಟ. ಹಾಗಾಗಿ ತಲೆಯನ್ನು ಜೋಡಿಸಬೇಕು, ಆಗದಿದ್ದರೆ ಲೋಹದ ತಲೆ ಕೂರಿಸಬೇಕು. ಮಣಿಕಟ್ಟಿನ ಕೀಲು ಆಗಲೂ ಅಲುಗುತ್ತಿದ್ದರೆ ಕೆಲವು ವಾರ ತಂತಿ ಹಾಕಿ ಹಿಡಿದಿಡಬೇಕು.