ಉಕ್ರೇನ್ ನಿರಾಶ್ರಿತರಿಗೆ ಸೂರು: ದೇಣಿಗೆ ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು, ಎಲ್ಲಿ ಸಾಲದಾಯ್ತು?

2022ರ ಮಾರ್ಚ್ ಮೊದಲ ವಾರ. ಕೀವ್ ನಗರದ ಮೇಲೆ ಕ್ಷಿಪಣಿಗಳು ಬೀಳ್ತಿದ್ದವು. ಅದೇ ಹೊತ್ತಿಗೆ ಅಮೆರಿಕ, ಬ್ರಿಟನ್, ಕೆನಡಾದ ಜನ ಏರ್‌ಬಿಎನ್‌ಬಿಯಲ್ಲಿ ಉಕ್ರೇನಿನ ಮನೆಗಳನ್ನು ಬುಕ್ ಮಾಡ್ತಿದ್ದರು. ಬರೀ ಎರಡು ದಿನದಲ್ಲಿ 61 ಸಾವಿರಕ್ಕೂ ಹೆಚ್ಚು ರಾತ್ರಿಗಳು ಬುಕ್ ಆದವು. ಅವರಲ್ಲಿ ಯಾರಿಗೂ ಅಲ್ಲಿಗೆ ಹೋಗುವ ಉದ್ದೇಶ ಇರಲಿಲ್ಲ. ಬಾಡಿಗೆಯ ನೆಪದಲ್ಲಿ ಮನೆಯವರ ಕೈಗೆ ನೇರವಾಗಿ ದುಡ್ಡು ಮುಟ್ಟಿಸುವುದೇ ಉದ್ದೇಶ. ಕಂಪನಿಯೂ ತನ್ನ ಶುಲ್ಕ ಬಿಟ್ಟುಕೊಟ್ಟಿತು.

ಮನಸ್ಸು ತುಂಬಿ ಬರುವ ಸಂಗತಿ. ಆದರೆ ಸ್ವಲ್ಪ ಯೋಚಿಸಿ ನೋಡಿ: ಈ ದುಡ್ಡು ಸಿಕ್ಕಿದ್ದು ಯಾರಿಗೆ? ಬಾಡಿಗೆಗೆ ಕೊಡುವಷ್ಟು ಮನೆ ಇದ್ದವರಿಗೆ. ಅವರೂ ಸಂಕಟದಲ್ಲಿದ್ದರು, ನಿಜ. ಆದರೆ ಮಕ್ಕಳನ್ನು ಕಟ್ಟಿಕೊಂಡು ರೈಲು ಹತ್ತಿದ, ಊರೂ ಮನೆಯೂ ಹೋದ ಕುಟುಂಬಕ್ಕೆ ಇದರಿಂದ ಸೂರು ಸಿಗಲಿಲ್ಲ.

ಯುದ್ಧದಲ್ಲಿ ಮನೆ ಕಳಕೊಂಡವರಿಗಾಗಿ ದುಡ್ಡು ಎತ್ತುವುದರ ಮೂಲ ಪ್ರಶ್ನೆಯೇ ಇದು. ಕೊಡುವವರ ಉತ್ಸಾಹ ಕೆಲವು ವಾರಗಳದ್ದು, ಮನೆಯ ಅಗತ್ಯ ವರ್ಷಗಳದ್ದು. ಇವೆರಡರ ನಡುವಿನ ಅಂತರ ತುಂಬುವುದು ಯಾರು?

ಎಷ್ಟು ಜನ, ಎಲ್ಲಿದ್ದಾರೆ?

ರಷ್ಯಾ ಪೂರ್ಣ ಪ್ರಮಾಣದ ದಾಳಿ ಶುರು ಮಾಡಿದ್ದು 2022ರ ಫೆಬ್ರವರಿ 24ರಂದು. ಅದೇ ವರ್ಷದ ಮೇ ಹೊತ್ತಿಗೆ ದೇಶದೊಳಗೇ ಸುಮಾರು 80 ಲಕ್ಷ ಜನ ಊರು ಬಿಟ್ಟಿದ್ದರು ಎಂದು ವಲಸೆಗಾಗಿನ ಅಂತಾರಾಷ್ಟ್ರೀಯ ಸಂಸ್ಥೆ ಐಒಎಂ ಅಂದಾಜು ಮಾಡಿತ್ತು. ಹಲವರು ಆಮೇಲೆ ವಾಪಸಾದರು. ಹಾಗಿದ್ದೂ ಮೂರು ವರ್ಷದ ನಂತರವೂ ದೇಶದೊಳಗಿನ ಸ್ಥಳಾಂತರಿತರ ಸಂಖ್ಯೆ 35 ಲಕ್ಷಕ್ಕಿಂತ ಮೇಲಿತ್ತು. ಹೊರದೇಶಗಳಲ್ಲಿ ಇನ್ನೂ 60 ಲಕ್ಷಕ್ಕೂ ಹೆಚ್ಚು ಜನ ಇದ್ದರು.

ಹೊರಗೆ ಹೋದವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ವಯಸ್ಸಾದವರು. ಯುದ್ಧ ಶುರುವಾದಾಗಿನಿಂದ 18ರಿಂದ 60 ವರ್ಷದ ಗಂಡಸರಲ್ಲಿ ಬಹುತೇಕರು ದೇಶ ಬಿಡುವಂತಿರಲಿಲ್ಲ. ಇದು ಮನೆಯ ಲೆಕ್ಕಕ್ಕೆ ಬಹಳ ಮುಖ್ಯ. ಗೊತ್ತಿಲ್ಲದ ಭಾಷೆಯ ಊರಿನಲ್ಲಿ ಒಬ್ಬಳೇ ತಾಯಿ ಮಗುವನ್ನೂ ನೋಡಿಕೊಂಡು, ಕೆಲಸವನ್ನೂ ಹುಡುಕಿ, ಬಾಡಿಗೆಯನ್ನೂ ಕಟ್ಟಬೇಕು.

ದುಡ್ಡು ಹೇಗೆ ಕೂಡಿತು?

ಮೊದಲ ತಿಂಗಳುಗಳಲ್ಲಿ ಹಣ ಹರಿದುಬಂತು. ಉಕ್ರೇನಿನ ಚೆರ್ನಿವ್ತ್ಸಿಯಲ್ಲಿ ಹುಟ್ಟಿದ ಹಾಲಿವುಡ್ ನಟಿ ಮಿಲಾ ಕುನಿಸ್ ಮತ್ತು ಗಂಡ ಆಷ್ಟನ್ ಕಚರ್ ಗೋಫಂಡ್‌ಮಿಯಲ್ಲಿ ಅಭಿಯಾನ ಶುರು ಮಾಡಿದರು. ಎರಡೇ ವಾರದಲ್ಲಿ 3 ಕೋಟಿ ಡಾಲರ್ ಕೂಡಿತು. ಅದು ಹೋಗಿದ್ದು ಎರಡು ಕಡೆಗೆ: ಪರಿಹಾರ ಸಾಮಗ್ರಿ ಸಾಗಿಸುತ್ತಿದ್ದ ಫ್ಲೆಕ್ಸ್‌ಪೋರ್ಟ್‌ಗೆ, ನಿರಾಶ್ರಿತರಿಗೆ ತಾತ್ಕಾಲಿಕ ವಾಸ ಒದಗಿಸುತ್ತಿದ್ದ ಏರ್‌ಬಿಎನ್‌ಬಿ.ಆರ್ಗ್‌ಗೆ.

ಬ್ರಿಟನ್ನಿನಲ್ಲಿ ಹಲವು ಪರಿಹಾರ ಸಂಸ್ಥೆಗಳ ಒಕ್ಕೂಟವಾದ ಡಿಇಸಿ ನೀಡಿದ ಕರೆಗೆ 40 ಕೋಟಿ ಪೌಂಡ್‌ಗೂ ಹೆಚ್ಚು ಬಂತು. ಇನ್ನೊಂದು ಘಟನೆ ಮರೆಯುವಂಥದ್ದಲ್ಲ. ರಷ್ಯಾದ ಪತ್ರಕರ್ತ, 'ನೊವಾಯಾ ಗಜೆಟಾ' ಸಂಪಾದಕ ದ್ಮಿತ್ರಿ ಮುರಾತೊವ್ ತಮಗೆ ಬಂದಿದ್ದ ನೊಬೆಲ್ ಶಾಂತಿ ಪದಕವನ್ನೇ 2022ರ ಜೂನ್ 20ರಂದು ನ್ಯೂಯಾರ್ಕಿನಲ್ಲಿ ಹರಾಜಿಗಿಟ್ಟರು. ಬಂದದ್ದು 10.35 ಕೋಟಿ ಡಾಲರ್. ಅಷ್ಟೂ ಹಣ ಯುದ್ಧದಿಂದ ಊರು ಬಿಟ್ಟ ಮಕ್ಕಳಿಗಾಗಿ ಯುನಿಸೆಫ್‌ಗೆ ಸೇರಿತು.

ಉಕ್ರೇನ್ ಸರ್ಕಾರವೂ ಸುಮ್ಮನಿರಲಿಲ್ಲ. 2022ರ ಮೇನಲ್ಲಿ ಅಧ್ಯಕ್ಷ ಝೆಲೆನ್‌ಸ್ಕಿ 'ಯುನೈಟೆಡ್24' ಎಂಬ ದೇಣಿಗೆ ವೇದಿಕೆ ಶುರು ಮಾಡಿದರು. ಇಲ್ಲಿ ರಕ್ಷಣೆ, ವೈದ್ಯಕೀಯ, ಮರುನಿರ್ಮಾಣ ಅಂತ ಖಾತೆಗಳು ಬೇರೆ ಬೇರೆ. ಯಾವುದಕ್ಕೆ ಕೊಡಬೇಕೆಂದು ಕೊಡುವವರೇ ಆರಿಸಬಹುದು.

ಸೂರಿನಲ್ಲೂ ಮೂರು ಬಗೆ

'ಮನೆ ಒದಗಿಸಲು ದೇಣಿಗೆ ಕೊಡಿ' ಅಂದಾಗ ಅದರೊಳಗೆ ಮೂರು ಬೇರೆ ಬೇರೆ ಖರ್ಚುಗಳು ಅಡಗಿರುತ್ತವೆ.

ಮೊದಲನೆಯದು, ಹಾಸಿಗೆ. ಇವತ್ತು ರಾತ್ರಿ ಮಲಗಲು ಜಾಗ. ಗಡಿ ದಾಟಿ ಬಂದವರನ್ನು ಪೋಲೆಂಡಿನ ಜನ ತಮ್ಮ ಮನೆಗಳಿಗೇ ಕರಕೊಂಡು ಹೋದರು. ಹಾಗೆ ಇಟ್ಟುಕೊಂಡವರಿಗೆ ಅಲ್ಲಿನ ಸರ್ಕಾರ ಒಬ್ಬರಿಗೆ ದಿನಕ್ಕೆ 40 ಝ್ಲೋಟಿ ಕೊಟ್ಟಿತು. ಮೊದಲು 60 ದಿನದ ಮಿತಿ ಇತ್ತು, ಆಮೇಲೆ 120 ದಿನಕ್ಕೆ ಏರಿತು. ಬ್ರಿಟನ್ 'ಹೋಮ್ಸ್ ಫಾರ್ ಉಕ್ರೇನ್' ಯೋಜನೆಯಡಿ ಆತಿಥ್ಯ ಕೊಟ್ಟವರಿಗೆ ತಿಂಗಳಿಗೆ 350 ಪೌಂಡ್ ನೀಡಿತು. ದೊಡ್ಡ ಸಭಾಂಗಣಗಳಲ್ಲಿ ನೂರಾರು ಮಂಚ ಹಾಕಿದ ಕಡೆ ಜಪಾನಿನ ವಾಸ್ತುಶಿಲ್ಪಿ ಶಿಗೆರು ಬಾನ್ ಕಾಗದದ ಕೊಳವೆ ಮತ್ತು ಬಟ್ಟೆಯ ಪರದೆಗಳಿಂದ ಸಣ್ಣ ಸಣ್ಣ ಕೋಣೆಗಳನ್ನು ಮಾಡಿಸಿದರು. ಅಲ್ಲಿ ಮಗುವಿಗೆ ಹಾಲೂಡಿಸುವ ತಾಯಿಗೆ ಒಂದಿಷ್ಟು ಮರೆ ಸಿಕ್ಕಿತು.

ಎರಡನೆಯದು, ಬಾಡಿಗೆ. ಆರು ತಿಂಗಳು, ವರ್ಷ, ಎರಡು ವರ್ಷ. ಉಕ್ರೇನ್ ಸರ್ಕಾರ ಸ್ಥಳಾಂತರಿತರಿಗೆ ಕೊಡುತ್ತಿದ್ದ ಭತ್ಯೆ ವಯಸ್ಕರಿಗೆ ತಿಂಗಳಿಗೆ 2,000 ಹ್ರಿವ್ನಿಯಾ, ಮಕ್ಕಳಿಗೆ ಮತ್ತು ಅಂಗವಿಕಲರಿಗೆ 3,000. ಜನ ತುಂಬಿ ಬಾಡಿಗೆ ಗಗನಕ್ಕೇರಿದ್ದ ಲ್ವಿವ್‌ನಂಥ ಪಶ್ಚಿಮದ ನಗರಗಳಲ್ಲಿ ಇದು ಯಾವ ಮೂಲೆಗೆ? 2024ರ ಮಾರ್ಚ್‌ನಿಂದ ಆ ಭತ್ಯೆಯನ್ನೂ ಹೆಚ್ಚು ದುರ್ಬಲ ಸ್ಥಿತಿಯಲ್ಲಿ ಇರುವವರಿಗಷ್ಟೇ ಸೀಮಿತಗೊಳಿಸಲಾಯಿತು.

ಮೂರನೆಯದು, ಗೋಡೆ. ಅಂದರೆ ಉಳಿಯುವಂಥ ಮನೆ. ಕೀವ್ ಪ್ರಾಂತ್ಯದ ಇರ್ಪಿನ್, ಬೊರೊದ್ಯಾಂಕಾ ಮುಂತಾದ ಕಡೆ ಹಾನಿಗೊಂಡ 18 ವಸತಿ ಸಮುಚ್ಚಯಗಳ ದುರಸ್ತಿಯನ್ನು ಯುನೈಟೆಡ್24 ಕೈಗೆತ್ತಿಕೊಂಡಿತು. 2023ರ ಮೇನಲ್ಲಿ ಶುರುವಾದ ಸರ್ಕಾರಿ ಯೋಜನೆಯಲ್ಲಿ, ಮನೆಗೆ ಹಾನಿಯಾದವರು 'ದಿಯಾ' ಎಂಬ ಆ್ಯಪ್ ಮೂಲಕವೇ ಪರಿಹಾರಕ್ಕೆ ಅರ್ಜಿ ಹಾಕಬಹುದು.

ಈ ಸಾಲಿನಲ್ಲಿ ಒಂದು ಸಣ್ಣ ಪ್ರಯೋಗ ಗಮನಿಸಬೇಕು. ಇವಾನೊ-ಫ್ರಾಂಕಿವ್ಸ್ಕ್ ನಗರದ 'ಮೆಟಾಲ್ಯಾಬ್' ತಂಡದವರು 2022ರಲ್ಲಿ 'ಕೊ-ಹಾತಿ' ಯೋಜನೆ ಆರಂಭಿಸಿದರು. ಉಕ್ರೇನಿ ಭಾಷೆಯಲ್ಲಿ 'ಹಾತಾ' ಅಂದರೆ ಮನೆ, 'ಕೊಹಾತಿ' ಅಂದರೆ ಪ್ರೀತಿಸುವುದು. ಖಾಲಿ ಬಿದ್ದಿದ್ದ ಹಾಸ್ಟೆಲ್ ಕಟ್ಟಡಗಳನ್ನು ದೇಣಿಗೆ, ಅನುದಾನದ ಹಣದಲ್ಲಿ ದುರಸ್ತಿ ಮಾಡಿ ಊರು ಬಿಟ್ಟು ಬಂದ ಕುಟುಂಬಗಳಿಗೆ ವಾಸಯೋಗ್ಯ ಮಾಡುವುದು ಅವರ ಕೆಲಸ. ದುರಸ್ತಿಗೆ ಕೈ ಜೋಡಿಸಿದವರಲ್ಲಿ ಸ್ಥಳಾಂತರಿತರೂ ಇದ್ದರು. ಹೋಟೆಲ್ ಕೋಣೆಗೆ ಸುರಿದ ದುಡ್ಡು ಬೆಳಗಾಗುವಷ್ಟರಲ್ಲಿ ಕರಗಿಹೋಗುತ್ತೆ. ಇಲ್ಲಿ ಹಾಗಲ್ಲ, ಒಂದು ಕುಟುಂಬ ಹೋದರೆ ಇನ್ನೊಂದಕ್ಕೆ ಅದೇ ಕೋಣೆ ಇರುತ್ತೆ.

ಹಾಗಾದರೆ ತೊಡಕೆಲ್ಲಿ?

ದೇಣಿಗೆಯ ಬಹುಪಾಲು ಹಾಸಿಗೆಗೆ ಬರುತ್ತೆ. ಗಡಿಯಲ್ಲಿ ಅಳುವ ಮಗುವಿನ ಚಿತ್ರ ನೋಡಿದವರ ಕೈ ಜೇಬಿಗೆ ಹೋಗುತ್ತೆ. ಮೂರನೇ ವರ್ಷ ಬಾಡಿಗೆ ಬಾಕಿ ಉಳಿಸಿಕೊಂಡ ತಾಯಿಯ ಚಿತ್ರ ಯಾರ ಮೊಬೈಲಿನಲ್ಲೂ ವೈರಲ್ ಆಗಲ್ಲ.

ಸರ್ಕಾರಗಳ ಉದಾರತೆಗೂ ಗಡುವಿದೆ. 2023ರ ಮಾರ್ಚ್‌ನಿಂದ ಪೋಲೆಂಡ್, ಸಾಮೂಹಿಕ ವಸತಿ ಕೇಂದ್ರಗಳಲ್ಲಿ 120 ದಿನ ಮೀರಿ ಉಳಿದವರಿಂದ ಖರ್ಚಿನ ಅರ್ಧ ಪಾಲು ಕೇಳತೊಡಗಿತು. 180 ದಿನ ಮೀರಿದರೆ ಮುಕ್ಕಾಲು ಪಾಲು. ಅಂಗವಿಕಲರು, ವೃದ್ಧರು, ಗರ್ಭಿಣಿಯರಂಥವರಿಗೆ ವಿನಾಯಿತಿ ಇತ್ತು. ಬ್ರಿಟನ್ನಿನಲ್ಲಿ ಆತಿಥ್ಯದ ಅವಧಿ ಮುಗಿದೋ, ಸಂಬಂಧ ಹಳಸಿಯೋ ಹೊರಬಿದ್ದ ಸಾವಿರಾರು ಉಕ್ರೇನಿ ಕುಟುಂಬಗಳು ಮನೆಯಿಲ್ಲದವರೆಂದು ಸ್ಥಳೀಯ ಕೌನ್ಸಿಲ್‌ಗಳ ಬಾಗಿಲು ತಟ್ಟಿದವು. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿದಾಗ ಉಕ್ರೇನಿನಲ್ಲಿ ಕೆಲಸ ಮಾಡುತ್ತಿದ್ದ ಪರಿಹಾರ ಸಂಸ್ಥೆಗಳಿಗೂ ಪೆಟ್ಟು ಬಿತ್ತು.

ಇನ್ನು ಗೋಡೆಯ ಲೆಕ್ಕ. ವಿಶ್ವಬ್ಯಾಂಕ್, ವಿಶ್ವಸಂಸ್ಥೆ, ಐರೋಪ್ಯ ಆಯೋಗ ಮತ್ತು ಉಕ್ರೇನ್ ಸರ್ಕಾರ ಸೇರಿ 2025ರ ಫೆಬ್ರವರಿಯಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ದೇಶದ ವಸತಿಯಲ್ಲಿ ಶೇ 13ರಷ್ಟು ಹಾನಿಗೊಂಡಿದೆ ಅಥವಾ ನೆಲಸಮವಾಗಿದೆ. ಇದರಿಂದ 25 ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ಪೆಟ್ಟು ಬಿದ್ದಿದೆ. ವಸತಿ ಮರುನಿರ್ಮಾಣಕ್ಕೊಂದಕ್ಕೇ ಬೇಕಾದ ಹಣ ಸುಮಾರು 8,400 ಕೋಟಿ ಡಾಲರ್. ಕುನಿಸ್-ಕಚರ್ ಜೋಡಿ ಎತ್ತಿದಂಥ ಅಭಿಯಾನ 2,800 ಬಾರಿ ನಡೆದರೆ ಈ ಮೊತ್ತ ಕೂಡುತ್ತೆ. ಅಂದರೆ ದೇಣಿಗೆಯಿಂದ ದೇಶ ಕಟ್ಟೋಕೆ ಆಗಲ್ಲ.

'ತಾತ್ಕಾಲಿಕ' ಅನ್ನೋ ಪದಕ್ಕೂ ಅಲ್ಲಿ ಕಹಿ ಇತಿಹಾಸವಿದೆ. 2014ರಲ್ಲಿ ಕ್ರೈಮಿಯಾ ಮತ್ತು ದೊನ್‌ಬಾಸ್‌ನಿಂದ ಊರು ಬಿಟ್ಟವರಿಗೆ ಜರ್ಮನಿಯ ನೆರವಿನಿಂದ ಖಾರ್ಕಿವ್, ದ್ನಿಪ್ರೊ ಮುಂತಾದೆಡೆ ಕಂಟೇನರ್ ಮಾದರಿಯ ವಸತಿಗಳನ್ನು ನಿಲ್ಲಿಸಲಾಗಿತ್ತು. ಕೆಲವೇ ವರ್ಷಗಳ ಬಾಳಿಕೆಗೆ ಅಂತ ಮಾಡಿದವು ಅವು. 2022ರ ದಾಳಿ ಶುರುವಾದಾಗಲೂ ಅವುಗಳಲ್ಲಿ ಜನ ಬದುಕುತ್ತಿದ್ದರು.

ಎಲ್ಲರಿಗೂ ಹೀಗೇ ಬಾಗಿಲು ತೆರೆಯಿತಾ?

ಈ ಪ್ರಶ್ನೆ ಕೇಳದೆ ಮುಂದೆ ಹೋಗಬಾರದು. ಉಕ್ರೇನಿಗರಿಗೆ ವಾಸ, ಕೆಲಸ, ಶಾಲೆಯ ಹಕ್ಕು ಕೊಟ್ಟ ಐರೋಪ್ಯ ಒಕ್ಕೂಟದ ತಾತ್ಕಾಲಿಕ ರಕ್ಷಣಾ ನಿಯಮ 2001ರಿಂದಲೂ ಇತ್ತು. 2015ರಲ್ಲಿ ಸಿರಿಯಾ, ಅಫ್ಘಾನಿಸ್ತಾನ, ಇರಾಕ್‌ಗಳಿಂದ 10 ಲಕ್ಷಕ್ಕೂ ಹೆಚ್ಚು ಜನ ಬಂದಾಗ ಅದನ್ನು ಯಾರೂ ಜಾರಿ ಮಾಡಲಿಲ್ಲ. ಮೊದಲ ಬಾರಿ ಬಳಸಿದ್ದು 2022ರ ಮಾರ್ಚ್ 4ರಂದು. ಒಂದು ಗಡಿಯಲ್ಲಿ ಉಕ್ರೇನಿಗರನ್ನು ತಬ್ಬಿಕೊಂಡ ಪೋಲೆಂಡ್, ಅದೇ ವರ್ಷ ಬೆಲಾರೂಸ್ ಗಡಿಯಲ್ಲಿ ಬೇರೆ ದೇಶದ ನಿರಾಶ್ರಿತರನ್ನು ತಡೆಯಲು ಉಕ್ಕಿನ ಗೋಡೆ ಕಟ್ಟಿತು.

ಹಾಗಂತ ಉಕ್ರೇನಿಗರಿಗೆ ಸಿಕ್ಕಿದ್ದು ತಪ್ಪು ಅಂತಲ್ಲ. ಮನಸ್ಸು ಮಾಡಿದರೆ ಲಕ್ಷಾಂತರ ಜನರಿಗೆ ವಾರಗಳಲ್ಲೇ ಸೂರು ಕೊಡಬಹುದು ಅನ್ನೋದು ಸಾಬೀತಾಗಿದೆ. ಇನ್ನು ಮೇಲೆ 'ಸಾಧ್ಯವಿಲ್ಲ' ಅನ್ನುವವರು 'ಮನಸ್ಸಿಲ್ಲ' ಅಂತಲೇ ಹೇಳಬೇಕು.

ಇಲ್ಲಿಂದ ಕೊಡೋದಾದರೆ

ನಮಗೂ ಈ ಯುದ್ಧ ತೀರಾ ದೂರದ್ದಲ್ಲ. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ದಾಳಿಗೆ ಸಿಕ್ಕಿ ಪ್ರಾಣ ಬಿಟ್ಟ ವೈದ್ಯಕೀಯ ವಿದ್ಯಾರ್ಥಿ ಹಾವೇರಿ ಜಿಲ್ಲೆಯವನು.

ವಿದೇಶದ ಸಂಸ್ಥೆಗೆ ನೇರವಾಗಿ ಕೊಟ್ಟ ದೇಣಿಗೆಗೆ ನಮ್ಮಲ್ಲಿ 80ಜಿ ತೆರಿಗೆ ವಿನಾಯಿತಿ ಸಿಗಲ್ಲ ಅನ್ನೋದು ನೆನಪಿರಲಿ. ಅದಕ್ಕಿಂತ ಮುಖ್ಯವಾಗಿ, ವಸತಿಯ ಹೆಸರಲ್ಲಿ ದುಡ್ಡು ಕೇಳುವ ಯಾರಿಗೇ ಆಗಲಿ ನಾಲ್ಕು ಪ್ರಶ್ನೆ ಕೇಳಿ. ಈ ಹಣ ಹಾಸಿಗೆಗೋ, ಬಾಡಿಗೆಗೋ, ಗೋಡೆಗೋ? ಒಂದು ಕುಟುಂಬಕ್ಕೆ ಎಷ್ಟು ತಿಂಗಳ ಆಸರೆ? ಆ ಅವಧಿ ಮುಗಿದ ಮೇಲೆ ಅವರು ಎಲ್ಲಿಗೆ ಹೋಗ್ತಾರೆ? ದುರಸ್ತಿಯಾದ ಕಟ್ಟಡ ಕೊನೆಗೆ ಯಾರ ಕೈಯಲ್ಲಿ ಉಳಿಯುತ್ತೆ?

ಮೂರನೇ ಪ್ರಶ್ನೆಗೆ ಉತ್ತರ ಇರುವವರಿಗೆ ಮೊದಲು ಕೊಡಿ. ಸುದ್ದಿ ತಣ್ಣಗಾದ ಮೇಲೂ ಕೊಡಿ. ಬಾಡಿಗೆ ಕಟ್ಟುವ ದಿನ ತಿಂಗಳು ತಿಂಗಳೂ ಬರುತ್ತೆ.